ಗ್ಯಾರೇಜು ಮತ್ತು 67 ಗೋಲು

ಬೆಳಿಗ್ಗೆ ಸ್ಕೂಟರ್ ಸರ್ವಿಸ್‌ಗೆ ಬಿಟ್ಟು ಬಂದೆ. ಮೆಕ್ಯಾನಿಕ್ ಹುಡುಗ ಸ್ಪ್ಯಾನರ್ ಹಿಡಿದುಕೊಂಡೇ ಹೇಳಿದ, "ಸಂಜೆ ಫುಟ್‌ಬಾಲ್ ಮ್ಯಾಚ್ ಇದೆ ಸರ್. ಗಾಡಿಗಳು ಜಾಸ್ತಿ, ಹೋಗೋಕೆ ಆಗಲ್ಲ."

ಆಗಿನಿಂದ ಹಳೇ ಕಾಲದ ಫುಟ್‌ಬಾಲ್ ಆಟಗಾರ ಆರ್ಚಿ ಸ್ಟಾರ್ಕ್ ತಲೆಯಲ್ಲೇ ಕೂತಿದ್ದಾನೆ.

1897ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದ. ನ್ಯೂಜೆರ್ಸಿಯ ಕರ್ನಿ, ಸ್ಕಾಟ್ಲೆಂಡಿನವರೇ ತುಂಬಿದ್ದ ನೂಲಿನ ಗಿರಣಿಗಳ ಊರು. ಆಮೇಲೆ ಬೆತ್ಲೆಹೆಮ್ ಸ್ಟೀಲ್, ಉಕ್ಕಿನ ಕಾರ್ಖಾನೆಯ ತಂಡ. 1924-25ರ ಲೀಗಿನಲ್ಲಿ 44 ಪಂದ್ಯ, 67 ಗೋಲು.

ಅರವತ್ತೇಳು! ಒಂದೇ ಸೀಸನ್ನಿನಲ್ಲಿ.

1930ರಲ್ಲಿ ಮೊದಲ ವಿಶ್ವಕಪ್, ಉರುಗ್ವೆಯಲ್ಲಿ. ಅವನಿಗೂ ಕರೆ ಬಂತು. ಹೋಗಲಿಲ್ಲ. ಆಗಷ್ಟೇ ಗ್ಯಾರೇಜ್ ತೆರೆದಿದ್ದನಂತೆ. ಅವನಿಲ್ಲದೆಯೇ ಅಮೆರಿಕ ಸೆಮಿಫೈನಲ್ ಆಡಿತು.

ತಂಡದ ಹಡಗು ಹೊರಟ ದಿನ ಅವನು ಯಾವ ಕಾರಿನ ಕೆಳಗೆ ಮಲಗಿ ಬೋಲ್ಟ್ ಬಿಗಿಯುತ್ತಿದ್ದನೋ. ಬೇರೆ ದೇಶಕ್ಕೆ ಬಂದು ಬದುಕು ಕಟ್ಟಿದವನಿಗೆ ಸ್ವಂತದ್ದೊಂದು ಅಂಗಡಿ ಅಂದರೆ ಸುಮ್ನೆ ಅಲ್ಲ, ಅಲ್ವಾ? ಆದರೂ ನನಗೆ ಹೊಟ್ಟೆಯಲ್ಲಿ ಏನೋ ಸಂಕಟ.

ಮಧ್ಯಾಹ್ನ ಹುಡುಗನಿಗೆ ಫೋನ್ ಮಾಡಿದೆ. "ನನ್ನ ಗಾಡಿ ನಾಳೆ ಕೊಟ್ಟರೂ ನಡೆಯುತ್ತೆ ಕಣಪ್ಪಾ. ನೀನು ಮ್ಯಾಚ್‌ಗೆ ಹೋಗು."