ಮೊಣಕೈ ಮರೆಯ ಅಕ್ಷರ

ಬೀದರಿನ ಚೌಬಾರಾದ ಹತ್ತಿರ ನನ್ನ ಫೋಟೋ ಸ್ಟುಡಿಯೋ ಇದೆ. ವಾಯುಪಡೆಯ ಹಾಕ್ ವಿಮಾನಗಳು ಗುಡುಗಿದಾಗ ಗಿರಾಕಿಗಳು ಆಕಾಶ ನೋಡುತ್ತಾರೆ. ನಾನು ಮಾತ್ರ ಕಂಪ್ಯೂಟರಿನಲ್ಲಿ, 1941ರಲ್ಲಿ ಲಿಬಿಯಾದ ಮರಳಿಗೆ ಮೂಗು ಹುಗಿದ ಜರ್ಮನ್ ಡೈವ್ ಬಾಂಬರ್ ಸ್ಟೂಕಾದ ಹಳೆಯ ಚಿತ್ರವನ್ನು ನೋಡುತ್ತಿರುತ್ತೇನೆ. ಇಂಥ ಚಿತ್ರದಲ್ಲಿರುವುದು ಯಾವ ವಿಮಾನ, ಅದಕ್ಕೆ ಏನಾಯಿತು ಎಂದು ಪತ್ತೆ ಹಚ್ಚುವುದು ನನ್ನ ಗೀಳು. ಹೆಂಡತಿಯ ಪ್ರಕಾರ ಇದು ಹವ್ಯಾಸವಲ್ಲ, ಗ್ರಹಚಾರ.

ಹುಡುಕಾಟ ಶುರುವಾಗುವುದು ವಿಮಾನದ ಒಡಲಿನ ಮೇಲಿನ ಸಂಕೇತದಿಂದ. ಶಿಲುಬೆ ಗುರುತಿನ ಎಡಕ್ಕೆ ‘ಎ5’ ಇದ್ದರೆ ಒಂದನೇ ಸ್ಟೂಕಾ ದಳ, ‘ಟಿ6’ ಇದ್ದರೆ ಎರಡನೆಯದು. ಬಲಗಡೆಯ ಮೊದಲ ಅಕ್ಷರ ಆ ವಿಮಾನದ್ದು, ಕೊನೆಯದು ತುಕಡಿಯದು. ಆದರೆ ಒಂದು ವಿಮಾನ ಹಾಳಾದರೆ ಅದರ ಅಕ್ಷರ ಇನ್ನೊಂದಕ್ಕೆ ಹೋಗುತ್ತಿತ್ತು. ಬಾಲದ ಮೇಲೆ ಸಣ್ಣಗೆ ಬರೆದ ಕಾರ್ಖಾನೆ ಸಂಖ್ಯೆ ಸಿಕ್ಕರೇ ನಿಜವಾದ ಜಾತಕ.

ಕಳೆದ ವಾರ ಒಂದೇ ಚಿತ್ರದ ಮುಂದೆ ಮೂರು ರಾತ್ರಿ ಕುಳಿತೆ. ಅಕ್ಷರ ‘ಸಿ’ಯೋ ‘ಜಿ’ಯೋ? ಸರಿಯಾಗಿ ಅಲ್ಲಿಯೇ ಸೈನಿಕನೊಬ್ಬ ಮೊಣಕೈ ಊರಿ ನಗುತ್ತಿದ್ದಾನೆ. ಸ್ವಲ್ಪ ಸರಿಯಪ್ಪಾ ಎಂದು ಗೊಣಗಿಯೂ ಆಯಿತು. ಕೊನೆಗೆ ಇನ್ನೊಂದು ಚಿತ್ರ ಸಿಕ್ಕಿತು. ಶಿಲುಬೆಯ ಕೆಳಗೆ ಅದೇ ತೇಪೆ, ಅದರ ಮೂಲೆಯಲ್ಲಿ ಅದೇ ಎಣ್ಣೆ ಕಲೆ. ಅಕ್ಷರ ‘ಜಿ’!

ಜರ್ಮನ್ನರ ನಷ್ಟದ ಪಟ್ಟಿಯಲ್ಲಿ ಹಾನಿಯನ್ನು ಶೇಕಡಾವಾರು ಬರೆದಿರುತ್ತಾರೆ. 100 ಎಂದರೆ ವಿಮಾನದ ಕಥೆ ಮುಗಿಯಿತು. ಎ5+ಎಚ್‌ಎಲ್, ಸಂಖ್ಯೆ 5954, ಪುಣ್ಯವಂತ ವಿಮಾನ. ಲಿಬಿಯಾದಲ್ಲಿ ಬ್ರಿಟಿಷರಿಗೆ ಸಿಕ್ಕಿ, ಈಗ ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿ ತೂಗುತ್ತಿದೆ. ನಾನು ಹುಡುಕುತ್ತಿರುವ ‘ಜಿ’ ವಿಮಾನದ ಬಾಲ ಮಾತ್ರ ಎರಡೂ ಚಿತ್ರಗಳ ಅಂಚಿನಲ್ಲಿ ಕತ್ತರಿಸಿಹೋಗಿದೆ, ಅದರ ಜೊತೆ ಸಂಖ್ಯೆಯೂ. ಆಲ್ಬಮ್ಮಿನ ಅಳತೆಗೆ ಕತ್ತರಿ ಆಡಿಸಿದವನು ನನ್ನಂಥ ಸ್ಟುಡಿಯೋದವನೇ ಇರಬೇಕು.