ಬ್ರಾನ್ಸನ್‌ನಲ್ಲಿ ಹೆದರಿಸದ ಜಾದೂಗಾರ

ಲಾಸ್ ವೇಗಸ್ ಎಲ್ಲರಿಗೂ ಗೊತ್ತು. ಬ್ರಾನ್ಸನ್ ಎಂದರೆ ಅಮೆರಿಕದಲ್ಲಿರುವ ನಮ್ಮವರೇ "ಎಲ್ಲಿದೆ ಅದು?" ಅಂತಾರೆ. ಮಿಸೌರಿ ರಾಜ್ಯದ ದಕ್ಷಿಣ ಅಂಚಿನಲ್ಲಿ, ಓಝಾರ್ಕ್ ಗುಡ್ಡಗಳ ನಡುವಿನ ಚಿಕ್ಕ ಊರು. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 13,000 ಕೂಡ ಮುಟ್ಟಿಲ್ಲ. ಆದರೆ ಹೈವೇ 76ರ ಎರಡೂ ಕಡೆ ಥಿಯೇಟರುಗಳ ಸಾಲೋ ಸಾಲು.

ಸೇಂಟ್ ಲೂಯಿಸ್‌ನಿಂದ ಐ-44 ಹೆದ್ದಾರಿ ಹಿಡಿದು ಸ್ಪ್ರಿಂಗ್‌ಫೀಲ್ಡ್, ಅಲ್ಲಿಂದ ದಕ್ಷಿಣಕ್ಕೆ ಹೈವೇ 65. ಸುಮಾರು 400 ಕಿಲೋಮೀಟರ್. ಶಿವಮೊಗ್ಗದಿಂದ ಬಂದಿದ್ದ ಅಮ್ಮ, ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹೋರ್ಡಿಂಗ್ ಎಣಿಸಿದರು. ಊರು ಹತ್ತಿರವಾದಂತೆ ಎಲ್ಲವೂ ಶೋಗಳದ್ದೇ.

ಇಲ್ಲಿ ರಾತ್ರಿಯ ಮೋಜು ಕಡಿಮೆ, ಕ್ಯಾಸಿನೊ ಇಲ್ಲವೇ ಇಲ್ಲ. ಬೆಳಿಗ್ಗೆ ಹತ್ತಕ್ಕೇ ಶುರುವಾಗುವ ಶೋಗಳಿವೆ! ಬರುವವರಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳೇ ಜಾಸ್ತಿ. 1959ರಲ್ಲಿ ಬಾಲ್ಡ್‌ನಾಬರ್ಸ್ ಎಂಬ ಅಣ್ಣತಮ್ಮಂದಿರ ತಂಡ ಹಾಡು, ಹಾಸ್ಯ ಶುರು ಮಾಡಿತು. 1967ರಲ್ಲಿ ಪ್ರೆಸ್ಲಿ ಕುಟುಂಬ ಹೈವೇ 76ರ ಮೇಲೆ ಥಿಯೇಟರ್ ಕಟ್ಟಿತು. ಉಳಿದವರು ಹಿಂದೆಯೇ ಬಂದರು.

ನಾವು ಟಿಕೆಟ್ ತೆಗೆದಿದ್ದು ಮಧ್ಯಾಹ್ನದ ಮ್ಯಾಜಿಕ್ ಶೋಗೆ. ಮೊದಲ ಅರ್ಧ ಗಂಟೆ ನನಗೇನೂ ರುಚಿಸಲಿಲ್ಲ. ಹೊಗೆ, ಲೇಸರ್, ಕಿವಿ ಕಿತ್ತುಹೋಗುವ ಸಂಗೀತ, ಪೆಟ್ಟಿಗೆಯಲ್ಲಿ ಹುಡುಗಿ, ಪೆಟ್ಟಿಗೆ ಮೂರು ಭಾಗ. ಪೆಟ್ಟಿಗೆ ದೊಡ್ಡದಾದಷ್ಟೂ ಅನುಮಾನ ಪೆಟ್ಟಿಗೆಯ ಮೇಲೇ ಹೋಗುತ್ತದೆ, ಅಲ್ವಾ? ಆಮೇಲೆ ಸಂಗೀತ ನಿಂತಿತು. ಜಾದೂಗಾರ ಒಂದು ತುಂಡು ಹಗ್ಗ ಹಿಡಿದು ಕೆಳಗಿಳಿದು ಬಂದ. ಎರಡನೇ ಸಾಲಿನ ತಾತನ ಕೈಗೆ ಕತ್ತರಿ ಕೊಟ್ಟ. ತಾತ ಕತ್ತರಿಸಿದರು, ಹಗ್ಗ ಕೂಡಿಕೊಂಡಿತು. ಮತ್ತೆ ಕತ್ತರಿಸಿದರು, ಮತ್ತೆ ಕೂಡಿತು. ತಾತನಿಗೆ ಹಟ ಬಂತು. ಹಗ್ಗ ಕಸಿದುಕೊಂಡು ಹಲ್ಲಿನಿಂದ ಎಳೆದು ನೋಡಿದರು. ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಕೊಟ್ಟ ದುಡ್ಡು ಅಲ್ಲಿಗೇ ವಸೂಲು.

ಇನ್ನೊಂದು ಇಷ್ಟವಾಗಿದ್ದು ಪೆಟ್ಟಿಗೆಯ ಅದಲುಬದಲು. ಸಹಾಯಕಿಯನ್ನು ಚೀಲದಲ್ಲಿ ಕಟ್ಟಿ ಪೆಟ್ಟಿಗೆಗೆ ಬೀಗ. ಇವನು ಮೇಲೆ ನಿಂತು ಪರದೆ ಎತ್ತಿದ, ಪರದೆ ಬಿದ್ದಾಗ ಮೇಲೆ ಅವಳು! ಒಳಗೆ ಇವನು. 1890ರ ದಶಕದಲ್ಲಿ ಹೆಸರಾಂತ ಜಾದೂಗಾರ ಹೂಡಿನಿ ಮತ್ತು ಅವನ ಹೆಂಡತಿ ಬೆಸ್ ಊರೂರು ಸುತ್ತಿ ತೋರಿಸುತ್ತಿದ್ದ ಆಟ ಇದೇ. ಇಷ್ಟು ಹಳೆಯದಾದರೂ ಸವೆದಿಲ್ಲ. ಇಲ್ಲಿ ಎಲ್ಲವೂ ವೇಗದ ಮೇಲೆ ನಿಂತಿದೆ.

ಆದರೆ ಯಾವ ಆಟದಲ್ಲೂ ಭಯ ಇರಲಿಲ್ಲ. ಗರಗಸ ಬಂದಾಗಲೂ ಅವನು ಜೋಕ್ ಹೊಡೆಯುತ್ತಿದ್ದ. 1956ರಲ್ಲಿ ನಮ್ಮ ಜಾದೂಗಾರ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯ ಪನೋರಮಾ ಕಾರ್ಯಕ್ರಮದಲ್ಲಿ ಹುಡುಗಿಯನ್ನು ಗರಗಸದಿಂದ ಕೊಯ್ದರು. ಅವಳು ಏಳಲಿಲ್ಲ. ಮುಖಕ್ಕೆ ಬಟ್ಟೆ ಮುಚ್ಚಿದರು, ಕಾರ್ಯಕ್ರಮ ಅಷ್ಟಕ್ಕೇ ಮುಗಿಯಿತು. ಹುಡುಗಿ ಸತ್ತೇ ಹೋದಳು ಅಂದುಕೊಂಡು ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಬ್ರಾನ್ಸನ್‌ನಲ್ಲಿ ಹಾಗೆ ಮಾಡಿದರೆ ಮಾರನೇ ದಿನ ಟಿಕೆಟ್ ಹೋಗುವುದಿಲ್ಲ.

ಇಂಟರ್ವಲ್‌ನಲ್ಲಿ ಜಾದೂಗಾರನ ಟೀ ಶರ್ಟ್, ಮಕ್ಕಳ ಮ್ಯಾಜಿಕ್ ಕಿಟ್ ಮಾರಾಟ. ಅಮ್ಮ ನಕ್ಕರು.

"ನಮ್ಮ ಸಂತೆಗೆ ಬರ್ತಿದ್ದ ಗಾರುಡಿಗ ಹೀಗೆ ಮಾರ್ತಿರಲಿಲ್ಲ. ಕಾಸು ಹಾಕದೆ ಎದ್ದು ಹೋದ್ರೆ ರಕ್ತ ಕಾರ್ಕೊಂಡು ಸಾಯ್ತೀರಿ ಅಂತಿದ್ದ."

"ನೀವು ಕಾಸು ಹಾಕಿದ್ರಾ ಅಜ್ಜಿ?" ಮಗ ಕೇಳಿದ.

"ಕಾಸೆಲ್ಲಿತ್ತು ಮಗಾ? ಮೊದಲೇ ಓಡಿಹೋಗ್ತಿದ್ವಿ."

ನನ್ನ ಲೆಕ್ಕದಲ್ಲಿ ಗಾರುಡಿಗನೇ ದೊಡ್ಡ ಕಲಾವಿದ. ಅವನಿಗೆ ಪರದೆ ಇರಲಿಲ್ಲ, ಲೈಟ್ ಇರಲಿಲ್ಲ, ಸುತ್ತಲೂ ಜನ. ಇಲ್ಲಿನವನು ಒಳ್ಳೆಯ ಮಾತುಗಾರ. ಅದೂ ಸುಮ್ನೆ ಬರುವ ವಿದ್ಯೆಯಲ್ಲ.

ಕೊನೆಯಲ್ಲಿ ಸೈನ್ಯದಲ್ಲಿ ಇದ್ದವರನ್ನು ಎದ್ದು ನಿಲ್ಲಲು ಹೇಳಿದರು. ಈ ಊರಿನ ಶೋಗಳಲ್ಲಿ ಇದೊಂದು ಪದ್ಧತಿ. ಹಗ್ಗದ ತಾತನೂ ನಿಂತರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋಗುವವರಿಗೆ ಒಂದು ಮಾತು. ಶೋಗಳು ಬಿಡುವ ಹೊತ್ತಿಗೆ ಹೈವೇ 76ರಲ್ಲಿ ಕಾರು ಆಮೆಗಿಂತ ನಿಧಾನ. ಕೆಂಪು, ಹಳದಿ, ನೀಲಿ ಅಂತ ಬಣ್ಣದ ಹೆಸರಿನ ಒಳದಾರಿಗಳಿವೆ, ಅವನ್ನೇ ಹಿಡಿಯಿರಿ. ಮಕ್ಕಳಿದ್ದರೆ ಇನ್ನೊಂದು ದಿನ ಜಾಸ್ತಿ ಇಟ್ಟುಕೊಂಡು ಸಿಲ್ವರ್ ಡಾಲರ್ ಸಿಟಿ ಎಂಬ ಥೀಮ್ ಪಾರ್ಕ್ ನೋಡಿ. ಅದರ ಕೆಳಗೆ ಮಾರ್ವೆಲ್ ಗುಹೆ ಇದೆ. ಮೆಟ್ಟಿಲು ಬಹಳ, ಮೊಣಕಾಲು ನೋವಿರುವವರು ಮೇಲೆಯೇ ಕೂತಿರುವುದು ಒಳ್ಳೆಯದು.