ಕೋಲ್ಡ್ ಪ್ಲಾಸ್ಮಾ ಮಾಂಸದ ಒಳಗಿಳಿಯಲ್ಲ

ಕೋಲ್ಡ್ ಪ್ಲಾಸ್ಮಾ ಅಂದರೆ ಹೆಚ್ಚು ಬಿಸಿಯಾಗದೆ ವಿದ್ಯುದಾವೇಶ ಪಡೆದ ಅನಿಲ; ಮಾಂಸದ ಮೇಲ್ಮೈಯ ಬ್ಯಾಕ್ಟೀರಿಯಾ ಕೊಲ್ಲಲು ಇದನ್ನು ಬಳಸುತ್ತಾರೆ. ಮಾಂಸ ತುಂಬಿ ಸೀಲ್ ಮಾಡಿದ ಪ್ಯಾಕನ್ನು ಎರಡು ಎಲೆಕ್ಟ್ರೋಡ್‌ಗಳ ನಡುವೆ ಇಟ್ಟು ಹತ್ತಾರು ಕಿಲೋವೋಲ್ಟ್ ಕೊಟ್ಟರೆ ಒಳಗಿನ ಗಾಳಿಯಿಂದಲೇ ಓಝೋನ್, ನೈಟ್ರೋಜನ್ ಆಕ್ಸೈಡ್‌ಗಳು ಹುಟ್ಟುತ್ತವೆ. ಕೆಲವೇ ನಿಮಿಷ ಸಾಕು. ಆಮೇಲೆ ಪ್ಯಾಕ್ ಬಿಚ್ಚದೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಬಿಡಬೇಕು. ಆ ಅನಿಲಗಳು ಕೆಲಸ ಮುಂದುವರಿಸುತ್ತವೆ. ಅವಸರದಲ್ಲಿ ಬಿಟ್ಟುಹೋಗೋದು ಈ ಹಂತವೇ. ತುಂಡಿನ ಮೇಲೆ ರಸ ನಿಂತಿದ್ದರೆ ಮೊದಲೇ ಒರೆಸಿ, ಅದರ ಪ್ರೋಟೀನೇ ಓಝೋನನ್ನು ನುಂಗಿಬಿಡುತ್ತದೆ. ಗೆರೆ, ಸಂದುಗಳಲ್ಲಿ ಅಡಗಿದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಕೊಚ್ಚಿದ ಮಾಂಸದಲ್ಲಂತೂ ಅದು ಒಳಗೆಲ್ಲ ಬೆರೆತಿರುತ್ತದೆ, ಅಲ್ಲಿ ಇದರ ಆಟ ನಡೆಯಲ್ಲ. ಹಾಗಂತ ವೋಲ್ಟೇಜ್ ಕೊಡುವ ಸಮಯ ಎಳೆದರೆ ಕೊಬ್ಬು ಕಮಟುತ್ತದೆ, ಮಾಂಸಕ್ಕೆ ಬಣ್ಣ ಕೊಡುವ ಪ್ರೋಟೀನ್ ಮಯೋಗ್ಲೋಬಿನ್ ಆಕ್ಸಿಡೈಸ್ ಆಗಿ ಕೆಂಪು ಕಂದಾಗುತ್ತದೆ. ಪ್ಯಾಕಿನಲ್ಲಿ ಆಕ್ಸಿಜನ್ ಹೆಚ್ಚಿದ್ದರೆ ಇನ್ನೂ ಬೇಗ. ಇಷ್ಟೆಲ್ಲ ಮಾಡಿದರೂ ಫ್ರಿಜ್ಜಿಗೆ ರಜೆ ಇಲ್ಲ ಬಿಡಿ!